ಕಟ್ಟಕ್ಕೊಂದು ಸಹಿ

ಅಕ್ಟೋಬರ್ 14, ಮಧ್ಯಾಹ್ನ

ಬ್ಲೌಸಿನ ತೋಳು ಮತ್ತೆ ಉಲ್ಟಾ ಹೊಲಿದೆ. ಬಿಚ್ಚಬೇಕು. ಮೆಷಿನ್ ಮುಂದೆ ಕೂತರೆ ಸಾಕು, ಕಣ್ಣು ಕಿಟಕಿಯಾಚೆ ಹೋಗುತ್ತದೆ. ಮನೆ ಪಕ್ಕ ಹರಿಯುವ ತೋಡಿನ ನೀರಿನ ಬೆಳಕು ಮಾಡಿನ ಹಂಚಿನವರೆಗೂ ಬಂದು ಆಡುತ್ತಿರುತ್ತದೆ. ಕಡಬ ಪೇಟೆಯಲ್ಲಿ ಅಂಗಡಿ ಇಡು ಎಂದು ಗಂಡ ಜೈಸನ್ ಎಷ್ಟು ಹೇಳಿದರೂ ನಾನು ಹೋಗದಿರುವುದು ಇದಕ್ಕೇ. ಹೇಳಿದರೆ ನಗುತ್ತಾನೆ. ಹೇಳಿಲ್ಲ.

ಪುತ್ತೂರಿನ ವಕೀಲ ಸರ್ವೋತ್ತಮರ ಫೋನ್. ಸರಕಾರದ ಹೊಸ ನೀರಿನ ಮಸೂದೆ, ಕರಡು ಬಂದಿದೆಯಂತೆ. ಹೊಳೆ, ಹಳ್ಳ, ತೋಡಿಗೆ ಅನುಮತಿಯಿಲ್ಲದೆ ಏನನ್ನೂ ಅಡ್ಡ ಕಟ್ಟುವಂತಿಲ್ಲ. ಕಟ್ಟಿದರೆ ದಂಡ, ಜೈಲು.

"ಒಳ್ಳೇದೇ ಅಲ್ವಾ ಸರ್? ರೆಸಾರ್ಟಿನವರು ಹೊಳೆಗೆ ಗೋಡೆ ಹಾಕುದು ನಿಲ್ತದೆ."

"ನಿಲ್ತದೆ. ಒಟ್ಟಿಗೆ ನಿಮ್ಮ ತೋಡಿನ ಮಣ್ಣಿನ ಕಟ್ಟವೂ ನಿಲ್ತದೆ ಮಾರಾಯ್ರೆ. ಅದನ್ನು ಬಿಟ್ಟು ಅಂತ ಒಂದು ಗೆರೆಯೂ ಇಲ್ಲ ಅದ್ರಲ್ಲಿ."

ಆಮೇಲೆ ತೋಳು ಬಿಚ್ಚುವುದೂ ಮರೆತುಹೋಯಿತು.

ಅಕ್ಟೋಬರ್ 16

ಆಕ್ಷೇಪಣೆ ನಾನೇ ಬರೆಯಬೇಕಂತೆ. ನೀರಿನ ಸಮಿತಿಯ ಕಾರ್ಯದರ್ಶಿ ನಾನಲ್ಲವಾ! ಹೋದ ವರ್ಷದ ಸಭೆಯಲ್ಲಿ ತೂಕಡಿಸುತ್ತಿದ್ದೆ. ಮೋಳಿ ಎಂದು ನನ್ನ ಹೆಸರು ಕೇಳಿ ಕಣ್ಣು ಬಿಟ್ಟು ಬೇಡ ಎನ್ನುವಷ್ಟರಲ್ಲಿ ಚಪ್ಪಾಳೆ ಬಿದ್ದಾಗಿತ್ತು.

ಬೆಂಗಳೂರಿನವರಿಗೆ ಅರ್ಥವಾಗುವ ಹಾಗೆ ಬರೆಯಿರಿ ಎಂದಿದ್ದಾರೆ ವಕೀಲರು. ಬರೆದೆ — ಮಳೆ ನಿಂತ ಮೇಲೆ ಊರವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟುವುದೇ ಕಟ್ಟ. ನೀರು ನಿಂತು ನೆಲಕ್ಕಿಳಿದು ಬೇಸಿಗೆಯಲ್ಲಿ ಬಾವಿಗಳಿಗೆ ಬರುತ್ತದೆ. ಮುಂದಿನ ಮಳೆಗೆ ಕಟ್ಟ ತಾನಾಗಿಯೇ ಹೋಗುತ್ತದೆ. ಯಾರ ನೀರನ್ನೂ ಕಸಿಯುವುದಿಲ್ಲ.

ಇನ್ನೊಂದು ಬರೆಯಲಿಲ್ಲ. ಕೊರೋನಾದ ವರ್ಷ ಕಟ್ಟ ಆಗಲಿಲ್ಲ. ಮಾರ್ಚಿನಲ್ಲಿ ನಮ್ಮ ಬಾವಿಗೆ ಕೊಡ ಇಳಿಸಿದಾಗ ತಳದ ಕಲ್ಲಿಗೆ ಬಡಿದ ಶಬ್ದ... ಈಗಲೂ ನಿದ್ದೆಯಲ್ಲಿ ಕೇಳುತ್ತದೆ. ಭಯವಾಗುತ್ತದೆ ನನಗೆ.

ಅಕ್ಟೋಬರ್ 25, ರಾತ್ರಿ ಊಟದ ಮೊದಲು

ಆಕ್ಷೇಪಣೆಗೆ ಸಹಿ ಕೇಳಲು ಇಡೀ ವಾರ ಬಸ್ಸು. ಪಂಜ, ಸುಳ್ಯದ ಕಡೆ, ಇವತ್ತು ಈಶ್ವರಮಂಗಲ. ಕಿಟಕಿ ಸೀಟು ಸಿಕ್ಕಿದರೆ ಎಲ್ಲಿಗೆ ಹೋಗುತ್ತಿದ್ದೇನೆಂಬುದೇ ಮರೆಯುತ್ತದೆ. ಒಂದು ಸ್ಟಾಪ್ ಮುಂದೆ ಹೋಗಿ ಇಳಿದು ನಡೆದೆ. ಎಳೆ ಬಿಸಿಲು, ದಾರಿಯುದ್ದಕ್ಕೂ ತೋಡಿನ ಸದ್ದು. ಬೇಸರವಾಗಲಿಲ್ಲ.

ಎಲ್ಲ ಕಡೆ ಒಂದೇ ಕ್ರಮ. ಕಟ್ಟಕ್ಕೆ ಮೊದಲ ಕಲ್ಲು ಇಡುವ ಮನೆಯ ಯಜಮಾನರು ಸಹಿ ಹಾಕುತ್ತಾರೆ. ಉಳಿದವರು ಸುತ್ತ ನಿಂತು ತಲೆಯಾಡಿಸುತ್ತಾರೆ. ಈಶ್ವರಮಂಗಲದ ಅಲಿ ಕುಂಞಿಯವರು ಪೆನ್ನಿನ ಮುಚ್ಚಳ ಹಾಕಿ ಹೇಳಿದ್ದೂ ಅದನ್ನೇ. "ಕಲ್ಲು ಇಡುದು ನಾನು. ನಾನು ಹಾಕಿದ್ರೆ ಎಲ್ಲರೂ ಹಾಕಿದ ಹಾಗೆ. ಮತ್ತೆ ಎಂತ ಬೇಕು?"

ನಮ್ಮ ಕಟ್ಟಕ್ಕೆ ತ್ಯಾಂಪಣ್ಣ. ತೋಡಿನ ಆಚೆ ಬದಿಯ ಮನೆ. ಕನ್ನಡಕ ಹಾಕಿ, ಪೂರ್ತಿ ಓದಿ, ಗಂಭೀರವಾಗಿ ಸಹಿ ಹಾಕಿದರು. ನಮ್ಮದು ಮಲಯಾಳದ ಮನೆ, ಅವರದ್ದು ತುಳು. ಆದರೆ ಕಟ್ಟದ ಮಾತಿಗೆ ಅವರೇ ನಮಗೂ ಯಜಮಾನರು.

ಹದಿನಾಲ್ಕು ಕಟ್ಟ, ಹದಿನಾಲ್ಕು ಸಹಿ. ಎಷ್ಟು ಚಂದ ಅನಿಸಿತು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ.

ನವೆಂಬರ್ 19, ಬೆಳಿಗ್ಗೆ

ಕನಸು. ತೋಡು ಜಗಲಿ ಹತ್ತಿ ಒಳಗೆ ಬಂತು. ಸದ್ದೇ ಇಲ್ಲ. ಹೊಲಿಯಲು ಬಂದ ಬಟ್ಟೆಗಳೆಲ್ಲ ತೇಲುತ್ತಿದ್ದವು. ಯಾರದೋ ಮದುವೆಯ ಲಂಗ ಎಲ್ಲಕ್ಕಿಂತ ಮುಂದೆ, ಹಿಂದೆ ಅಳತೆಯ ಟೇಪು. ನಾನು ಮಂಚದ ಮೇಲೆ ಕಾಲು ಮಡಚಿ ಕೂತು ನೋಡುತ್ತಿದ್ದೆ. ಏನೋ ಸಂತೋಷ. ಎದ್ದ ಮೇಲೂ ಕಾಲು ತಣ್ಣಗಿತ್ತು.

ಜೈಸನ್‌ಗೆ ಹೇಳಿದೆ. "ಹೊದಿಕೆ ಪೂರಾ ನನ್ನ ಹತ್ರ ಇತ್ತು, ಅದಕ್ಕೇ" ಅಂದ. ಇವನ ಹತ್ತಿರ ಕನಸು ಹೇಳುವುದು ನನ್ನದೇ ತಪ್ಪು.

ನವೆಂಬರ್ 27, ಪುತ್ತೂರು ಬಸ್‌ಸ್ಟ್ಯಾಂಡ್

ಮಸೂದೆಯ ಅಹವಾಲು ಸಭೆ ಮುಗಿಯಿತು.

ಬೆಂಗಳೂರಿನಿಂದ ಬಂದ ಅಧಿಕಾರಿ ಹೆಂಗಸು. ಒಳ್ಳೆಯ ಮುಖ. ಬೈಯಲಿಲ್ಲ, ನಗುತ್ತಲೇ ಹೇಳಿದರು. "ನೀವು ಹೇಳೋದೇನೋ ಸರಿಯಮ್ಮ. ಆದ್ರೆ ನಿಮ್ಮ ಮೂರು ತಾಲೂಕಿಂದ ಆಕ್ಷೇಪಣೆ ಕೊಟ್ಟಿರೋದು ಹದಿನಾಲ್ಕೇ ಜನ. ಹದಿನಾಲ್ಕು ಜನರಿಗೋಸ್ಕರ ಕಾಯ್ದೆಯಲ್ಲಿ ವಿನಾಯಿತಿ ಹೇಗೆ ಕೇಳಲಿ ನಾನು?"

ಹದಿನಾಲ್ಕು ಜನ! ಒಂದು ಬಸ್ಸಿನ ಅರ್ಧ ಸೀಟೂ ತುಂಬದು. ಒಂದು ಸಹಿಯ ಹಿಂದೆ ಇಡೀ ತೋಡಿನ ಮನೆಗಳಿವೆ ಎಂದೆ. ಕಾಗದದಲ್ಲಿ ಅದೆಲ್ಲಿದೆ ಎಂದರು. ಎಲ್ಲಿಯೂ ಇರಲಿಲ್ಲ. ನಮಗೆ ಗೊತ್ತಿರುವುದು ಬೆಂಗಳೂರಿಗೂ ಗೊತ್ತಿರುತ್ತದೆ ಎಂದುಕೊಂಡೆ. ಪೆದ್ದಿ ನಾನು.

ಸೋಮವಾರ ಸಂಜೆಯವರೆಗೆ ಟೈಮ್ ಕೊಟ್ಟಿದ್ದಾರೆ. ಒಬ್ಬೊಬ್ಬರ ಸಹಿಯೂ ಬೇರೆ ಬೇರೆ ಬೇಕು.

ನವೆಂಬರ್ 28

ತ್ಯಾಂಪಣ್ಣನ ಮನೆಗೆ ಹೋದೆ. ಎಲ್ಲ ಕೇಳಿ ಕನ್ನಡಕ ತೆಗೆದು ಮಡಚಿಟ್ಟರು.

"ನನ್ನ ಸಹಿ ಸಾಲದಾ ಮೋಳಿ?"

"ನಮಗೆ ಸಾಕು ತ್ಯಾಂಪಣ್ಣ. ಅವರಿಗೆ ಸಾಲುದಿಲ್ಲ."

"ಅಜ್ಜನ ಕಾಲದಿಂದ ಈ ಮನೆಯ ಮಾತಲ್ಲಿ ಕಟ್ಟ ಆದದ್ದು. ಈಗ ಮನೆಮನೆಗೆ ಹೋಗಿ ಕೇಳುದಂದ್ರೆ... ನನ್ನ ಮೇಲೆ ಭರವಸೆ ಇಲ್ಲ ಅಂತಲೇ ಆಯ್ತಲ್ಲ."

ಅವರ ಹೆಂಡತಿ ದಮಯಂತಕ್ಕ ಚಾ ತಂದಿಟ್ಟು ಒಳಗೆ ಹೋದರು. ಆರಿದ ಚಾ ಕುಡಿದು ಎದ್ದೆ.

ಅಲಿ ಕುಂಞಿಯವರಿಗೂ ಉಳಿದವರಿಗೂ ಫೋನ್ ಮಾಡಿದೆ. ಎಲ್ಲರದ್ದೂ ಒಂದೇ ಮಾತು. "ಮೊದಲು ತ್ಯಾಂಪಣ್ಣನ ಕಟ್ಟದಲ್ಲಿ ಆಗ್ಲಿ. ಮತ್ತೆ ನಾವು."

ನವೆಂಬರ್ 30, ಭಾನುವಾರ, ಸಂಜೆ

ಇವತ್ತು ನಮ್ಮ ಕಟ್ಟ. ಚರ್ಚಿನಲ್ಲಿ ನಮ್ಮವರ ಕುರ್ಬಾನೆ ಪೂಜೆ ಮುಗಿದ ಮೇಲೆಯೇ ಶುರು ಮಾಡುವುದು, ಯಾವಾಗಲೂ ಹಾಗೆ. ಇಗರ್ಜಿಯಿಂದ ಬಂದು ಸೀರೆ ಬದಲಿಸಿ ಓಡಿದೆ. ಎಲ್ಲರೂ ಬಂದಿದ್ದರು. ಕಲ್ಲು ರಾಶಿ ಬಿದ್ದಿತ್ತು, ಮಣ್ಣು ಕಲಸಿ ಆಗಿತ್ತು. ನಾನು ಕಾಗದ ತೆಗೆದು ವಿಷಯ ಹೇಳಿದೆ. ಎಲ್ಲರೂ ತ್ಯಾಂಪಣ್ಣನ ಮುಖ ನೋಡಿದರು. ಅವರು ಪಂಚೆ ಸರಿಮಾಡಿಕೊಂಡು ದಂಡೆಯ ದರೆ ಹತ್ತಿ ಮನೆಗೆ ಹೋದರು.

ಆಮೇಲೆ ಯಾರೂ ಅಲುಗಾಡಲಿಲ್ಲ. ಕಲ್ಲು ಇಡಲು ಯಾರಿಗೂ ಹಕ್ಕಿಲ್ಲ. ಸಹಿ ಹಾಕಲು ಧೈರ್ಯವಿಲ್ಲ. ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದೆವು. ಸಣ್ಣ ಮೀನುಗಳು ಕಾಲು ಕಚ್ಚುತ್ತಿದ್ದವು, ಬಿಸಿಲು ಎಲೆಗಳಿಂದ ಸೋರಿ ನೀರಿನ ಮೇಲೆ ಹರಿಯುತ್ತಿತ್ತು. ಅಂಥ ಹೊತ್ತಿನಲ್ಲೂ ಅದನ್ನು ನೋಡುತ್ತಾ ಮೈಮರೆತೆ, ದೇವರೇ. ಇದೇ ಕೊನೆಯ ಕಟ್ಟವೋ, ಇದೂ ಇಲ್ಲವೋ ಎಂದು ಅಳು ಬಂತು.

ದಮಯಂತಕ್ಕ ಗಂಜಿಯ ಪಾತ್ರೆ ಹೊತ್ತು ಇಳಿದು ಬಂದರು. "ಎಂತ, ಎಲ್ಲ ಕೊಕ್ಕರೆಗಳ ಹಾಗೆ ನಿಂತದ್ದು?"

ಜೈಸನ್ ಹೇಳಿದ. ಅವರು ಪಾತ್ರೆ ಇಳಿಸಿ, ತೋಡಿನಲ್ಲಿ ಕೈ ತೊಳೆದು, ಸೆರಗಿನಲ್ಲಿ ಒರೆಸಿ ನನ್ನ ಮುಂದೆ ಚಾಚಿದರು.

"ಪೆನ್ನು ಕೊಡು."

"ದಮಯಂತಕ್ಕ, ತ್ಯಾಂಪಣ್ಣ ಬೇಸರ..."

"ಅವರದ್ದು ಅವರು ಹಾಕಿದ್ದಾರೆ. ನಂದು ನಾನು ಹಾಕ್ತೇನೆ. ಈ ಮನೆಗೆ ಬಂದಂದಿನಿಂದ ಕಟ್ಟದ ಗಂಜಿ ಮಾಡಿದ್ದು ನಾನು. ಒಂದು ಸಲವಾದ್ರೂ ಯಾರಾದ್ರೂ ನನ್ನ ಸಹಿ ಕೇಳಿದ್ದುಂಟಾ? ಇವತ್ತು ಬೆಂಗಳೂರಿನವರು ಕೇಳ್ತಿದ್ದಾರೆ. ಕೊಡುದೇ."

ಜೈಸನ್ ಬಾಗಿದ, ಅವನ ಬೆನ್ನ ಮೇಲೆ ಕಾಗದ ಇಟ್ಟು ಬರೆದರು. ನಿಧಾನಕ್ಕೆ, ಒಂದೊಂದೇ ಅಕ್ಷರ. ಆಮೇಲೆ ಸಾಲು ಹಿಡಿಯಿತು. ಗಂಡಸರ ಹಿಂದೆ ಹೆಂಗಸರೂ.

ತ್ಯಾಂಪಣ್ಣ ಯಾವಾಗ ಬಂದರೋ. ಕಾಗದ ಕೈಗೆ ತೆಗೆದುಕೊಂಡು ಮೇಲಿನ ಹೆಸರನ್ನು ನೋಡುತ್ತಾ ನಿಂತರು. "ಇದು ನಿನ್ನ ಸಹಿಯಾ? ನಾನು ನೋಡಿದ್ದೇ ಇಲ್ಲ ಮಾರಾಯ್ತಿ" ಎಂದರು. ದಮಯಂತಕ್ಕ ಗಂಜಿಗೆ ಉಪ್ಪು ಹಾಕುತ್ತಿದ್ದರು. ತ್ಯಾಂಪಣ್ಣ ಕಾಗದ ನನಗೆ ಕೊಟ್ಟು ನೀರಿಗಿಳಿದು ಕಲ್ಲು ಎತ್ತಿದರು.

ಸಹಿಯ ಹಾಳೆಯ ಫೋಟೋ ತೆಗೆದು ಉಳಿದ ಹದಿಮೂರು ಕಟ್ಟದವರಿಗೂ ಕಳಿಸಿದೆ. ಮೈಯೆಲ್ಲ ನೋವು. ಹೊರಗೆ ತೋಡಿನ ಸದ್ದಿಲ್ಲ, ನೀರು ನಿಂತಿದೆ. ಮನೆಯೇ ತೇಲುತ್ತಿರುವ ಹಾಗಿದೆ.

ಡಿಸೆಂಬರ್ 1, ಪುತ್ತೂರು

ಆಯಿತು. ಕೊಟ್ಟೆವು. ಅಲಿ ಕುಂಞಿಯವರು ದೊಡ್ಡ ಕಟ್ಟು ಕಾಗದ ತಂದಿದ್ದರು. ಪಂಜದ್ದು ಬಸ್ಸಿನ ಡ್ರೈವರ್ ಕೈಯಲ್ಲಿ ಬಂತು. ತ್ಯಾಂಪಣ್ಣ ಬಿಳಿ ಅಂಗಿ ಹಾಕಿ, ಕರೆಯದೇ ನನ್ನೊಟ್ಟಿಗೆ ಬಂದಿದ್ದರು.

ಆಫೀಸಿನ ಹುಡುಗಿ ಒಂದೊಂದೇ ಹಾಳೆ ತಿರುಗಿಸಿದಳು. ನಮ್ಮ ಹಾಳೆ ಬಂದಾಗ ಹಳೆಯ ಹದಿನಾಲ್ಕು ಸಹಿಯ ಪಟ್ಟಿ ನೋಡಿ ನಿಂತಳು.

"ತ್ಯಾಂಪಣ್ಣ, ದಮಯಂತಿ. ಇಬ್ಬರದ್ದೂ ಒಂದೇ ಮನೆ ನಂಬರ್ ಉಂಟಲ್ಲ. ಒಂದನ್ನು ತೆಗೀಲಾ?"

ಅವಳ ಪೆನ್ನು ದಮಯಂತಕ್ಕನ ಹೆಸರಿನ ಮೇಲೆಯೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ತ್ಯಾಂಪಣ್ಣ ಮುಂದೆ ಬಾಗಿದರು.

"ತೆಗೀಲೇಬೇಕಾದ್ರೆ ನಂದು ತೆಗೀರಿ."

ಹುಡುಗಿ ಅವರ ಮುಖ ನೋಡಿದಳು. ಪೆನ್ನು ಕೆಳಗಿಟ್ಟಳು. ಎರಡೂ ಇರಲಿ ಎಂದು ಸೀಲು ಹೊಡೆದಳು.

ಡಿಸೆಂಬರ್ 17, ಬೆಳಿಗ್ಗೆ

ಸರ್ವೋತ್ತಮರ ಮೆಸೇಜ್. ಇವತ್ತು ಬೆಳಗಾವಿ ಅಧಿವೇಶನದಲ್ಲಿ ಮಸೂದೆಯ ಮಂಡನೆಯಂತೆ. ತಿದ್ದಿದ ಕರಡಿನ ಫೋಟೋ ಕಳಿಸಿದ್ದಾರೆ. ಒಂದು ಗೆರೆ ಹೊಸದು. 'ಸಮುದಾಯವು ವರ್ಷಕ್ಕೊಮ್ಮೆ ನಿರ್ಮಿಸುವ ತಾತ್ಕಾಲಿಕ ಮಣ್ಣಿನ ಕಟ್ಟಗಳನ್ನು ಹೊರತುಪಡಿಸಿ.' ಸದನದಲ್ಲಿ ಪಾಸಾಗುವುದು ಬಾಕಿ ಇದೆ. ಆದರೂ ಬಂದಿದೆ. ಅಚ್ಚಿನಲ್ಲಿ ಬಂದಿದೆ!

ಜೈಸನ್ ಮೂರು ಸಲ ಓದಿಸಿದ. ಈ ಸಲ ನಗಲಿಲ್ಲ.

ತೋಡಿನ ಈಚೆ ಬದಿಯಲ್ಲಿ ನಿಂತು ದಮಯಂತಕ್ಕನನ್ನು ಕೂಗಿದೆ. ಕೇಳಲಿಲ್ಲ. ಇನ್ನೊಮ್ಮೆ ಕೂಗಿದೆ. ಈಗ ಕಟ್ಟದ ಮೇಲಿನಿಂದ ಬರುತ್ತಿದ್ದಾರೆ, ಒದ್ದೆ ಕೈ ಸೆರಗಿಗೆ ಒರೆಸುತ್ತಾ. ಹಿಂದೆ ತ್ಯಾಂಪಣ್ಣ, ಕಾಲು ಜಾರದ ಹಾಗೆ ಅವರ ಭುಜ ಹಿಡಿದು... ಎಂತ ಅಂತ ಕೇಳುತ್ತಿದ್ದಾರೆ, ಹೇಳಬೇಕು —