ತಾತನಿಗೆ ನಲವತ್ತಾಯಿತು

ಯೂನಿಯನ್ ಸಿಟಿ
೮ ಸೆಪ್ಟೆಂಬರ್ ೨೦೨೫, ಸೋಮವಾರ

ಮುದ್ದು ಗಾನವಿ,

ಕೆಮ್ಮು ಹೋಯಿತೇ? ಬಾಸ್ಟನ್ನಿನಲ್ಲಿ ಆಗಲೇ ಸಂಜೆ ಹೊತ್ತು ಚಳಿಯಂತೆ, ತಲೆಗೆ ಎಣ್ಣೆ ಹಚ್ಚಿಕೋ. ವಾಸನೆ ಅಂದವರಿಗೆ ಅವರವರ ಕೂದಲು ನೋಡಿಕೊಳ್ಳಲು ಹೇಳು. ನಾನು ಕಲಿಸಿದ ಅಕ್ಷರ ಮರೆತಿಲ್ಲ ತಾನೆ? ನಿಧಾನವಾಗಿ ಓದು, ಅವಸರವಿಲ್ಲ. ನನ್ನ ಮಂಡಿನೋವು ಇದ್ದದ್ದೇ.

ಕಾಲೇಜಿಗೆ ಹೋಗುವಾಗ ನಿನ್ನ ಕಂಪ್ಯೂಟರ್ ಆಟದ ಬೇಸ್‌ಬಾಲ್ ಟೀಮನ್ನು ನನ್ನ ಕೈಗೆ ಕೊಟ್ಟು ಹೋದೆಯಲ್ಲ, ಚೆನ್ನಾಗಿಯೇ ನೋಡಿಕೊಂಡಿದ್ದೇನೆ. ಈಗಲೂ ಶನಿವಾರ ಸಂಜೆ ನಿಮ್ಮಪ್ಪನ ಸ್ನೇಹಿತರು ನಮ್ಮ ಗರಾಜಿನಲ್ಲಿ ಸೇರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಟೀಮು. ಯಾರು ಮೊದಲು ಬ್ಯಾಟು ಹಿಡಿಯಬೇಕು ಅಂತ ನಾವು ಹೇಳುವುದು, ಆಡುವುದೆಲ್ಲ ಕಂಪ್ಯೂಟರು. ಯಾರಿಗೂ ಬೆವರಿಲ್ಲ, ಚಕ್ಕುಲಿ ಮಾತ್ರ ಖಾಲಿ. ನನ್ನ ಸರದಿ ಬಂದಾಗ ‘ನಮ್ಮ ಮನೆಯವರು’ ಅನ್ನುತ್ತೇನೆ. ನೀನು ನಿನ್ನ ಟೀಮಿನ ಒಬ್ಬ ಆಟಗಾರನಿಗೆ ನಿಮ್ಮ ತಾತನ ಹೆಸರನ್ನೇ ಇಟ್ಟರೆ ನಾನು ಹೇಗೆ ಬಾಯಿಬಿಟ್ಟು ಹೇಳಲಿ? ಫಾಸ್ಟರ್ ಸಿಟಿಯ ಶೇಷಗಿರಿ ನಕ್ಕು, ‘ಚೆಲುವರಾಜು’ ಅಂತ ತಾನೇ ಒತ್ತುತ್ತಾನೆ.

ಪರದೆಯ ಮೇಲೆ ಹಸಿರು ಮೈದಾನ, ಅದರಲ್ಲೊಂದು ಬಿಳಿ ಚುಕ್ಕಿ. ತೆರೆದ ಬಾಗಿಲಿನಿಂದ ತಣ್ಣನೆ ಗಾಳಿ, ದೂರದಲ್ಲಿ ಬಾರ್ಟ್ ರೈಲಿನ ಸದ್ದು, ನನಗೆ ಕಣ್ಣು ಎಳೆಯುತ್ತದೆ. ಚುಕ್ಕಿ ಓಡಲು ಶುರುಮಾಡಿದರೆ ಅವರೇ ಪಂಚೆ ಎತ್ತಿ ಕಟ್ಟಿಕೊಂಡು ಓಡಿದ ಹಾಗೆ. ಬದುಕಿದ್ದಾಗ ಬಸ್ಸು ಹಿಡಿಯಲೂ ಓಡದ ಮನುಷ್ಯ! ಅಲ್ಲಿ ಹೊತ್ತು ಮುಳುಗುವುದೇ ಇಲ್ಲ. ಎಷ್ಟೋ ಸಂಜೆ ಮಂಡ್ಯದಲ್ಲಿದ್ದೇನೋ ಇಲ್ಲಿದ್ದೇನೋ ತಿಳಿಯದೆ ಕೂತುಬಿಟ್ಟಿದ್ದೇನೆ. ಸುಖವಾಗಿತ್ತು ಕಣೆ, ಸುಳ್ಳು ಯಾಕೆ ಹೇಳಲಿ.

ಆದರೆ ಆ ಕಂಪ್ಯೂಟರಿನಲ್ಲೂ ವಯಸ್ಸಾಗುತ್ತದೆ. ನಮ್ಮ ಎರಡು ತಿಂಗಳು ಅವರಿಗೆ ಒಂದು ವರ್ಷ. ನಲವತ್ತು ತುಂಬಿದವರನ್ನು ಸೀಸನ್ ಮುಗಿದ ಕೂಡಲೇ ಅದೇ ನಿವೃತ್ತಿ ಮಾಡಿಸುತ್ತದೆ. ತಾತನಿಗೆ ಈ ಸಲ ನಲವತ್ತು. ಮೊನ್ನೆ ಶನಿವಾರ ನಿಮ್ಮಪ್ಪ ಹೊಸ ರೂಲು ತಂದ, ಇನ್ನು ಮುಂದೆ ಯಾರಿಗೂ ವಯಸ್ಸೇ ಆಗಬಾರದಂತೆ. ಶೇಷಗಿರಿ ಒಪ್ಪಲಿಲ್ಲ, ಹಳಬರು ಜಾಗ ಬಿಡದಿದ್ದರೆ ಹೊಸ ಹುಡುಗರು ಬರುವುದೆಲ್ಲಿಗೆ ಅಂದ. ಆಫೀಸಿನ ಮೀಟಿಂಗಿನಲ್ಲೂ ಇವರು ಇಷ್ಟು ಜೋರು ಮಾಡುವುದಿಲ್ಲವೇನೋ. ಕೊನೆಗೆ ಕೈ ಎತ್ತಿಸಿದರು. ಇಬ್ಬರು ಆ ಕಡೆ, ಇಬ್ಬರು ಈ ಕಡೆ. ಉಳಿದದ್ದು ನಿನ್ನ ಟೀಮಿನ ಕೈ, ಅಂದರೆ ನನ್ನದು.

ನಿಮ್ಮಪ್ಪನ ಮುಖ ನೋಡಿದೆ. ತಾತ ಹೋಗಿ ಮೂರು ವರ್ಷವಾಯಿತು, ಒಂದು ಪಿತೃಪಕ್ಷದಲ್ಲೂ ಅವನು ಎಡೆ ಇಟ್ಟಿಲ್ಲ. ಹಿರಿಯರಿಗೆ ಎಡೆ ಇಡದ ಮಗ ನಮ್ಮ ಕಡೆ ಎಲ್ಲೂ ಇಲ್ಲ. ಹೋದ ವರ್ಷ ಬಿಡದೆ ಕೇಳಿದ್ದಕ್ಕೆ ಪರದೆಯ ಕಡೆ ಕೈ ತೋರಿಸಿ, “ಆಡ್ತಾವ್ರೆ ಕಣವ್ವ, ಎಡೆ ಯಾರ್ಗೆ ಇಕ್ಲಿ” ಅಂದಿದ್ದ. ಆಗ ಇಬ್ಬರೂ ನಕ್ಕಿದ್ದೆವು. ಮೊನ್ನೆ ನಗು ಬರಲಿಲ್ಲ. ನನ್ನ ಮಗ ಅಪ್ಪನನ್ನು ಆ ಹಸಿರಿನಿಂದ ಹೊರಕ್ಕೆ ಬಿಡುತ್ತಿಲ್ಲ, ತಾನೂ ಬರುತ್ತಿಲ್ಲ ಅನ್ನಿಸಿತು. ಶೇಷಗಿರಿಯ ಕಡೆಗೆ ಕೈ ಎತ್ತಿದೆ.

“ಸಾಕು ಬುಡಪ್ಪ, ಅವ್ರಿಗೂ ಕುಂತ್ಕೋಬೇಕು ಅನ್ಸಲ್ವಾ” ಅಂದೆ.

ನಿಮ್ಮಪ್ಪ ಎದ್ದು ಬೀದಿಗೆ ಹೋದವನು ಚಕ್ಕುಲಿಯವರೆಲ್ಲ ಮನೆಗೆ ಹೋದ ಮೇಲೆಯೇ ಬಂದದ್ದು. ಅಂದಿನಿಂದ ನನ್ನ ಜೊತೆ ಮಾತಿಲ್ಲ, ಊಟಕ್ಕೆ ಕರೆದರೆ ಬರೀ ತಲೆಯಾಡಿಸುತ್ತಾನೆ. ನನಗೇನು ಸಂಕಟವಿಲ್ಲವೇ? ಅವನಿಗೆ ಅಪ್ಪನಾದರೆ ನನಗೆ ಗಂಡ.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು, ನಿನ್ನ ಓದಿಗೆ ಯಾರ ಕಣ್ಣೂ ತಾಗದಿರಲಿ.

ನಿನ್ನ ಅಜ್ಜಿ
ಮರಿತಾಯಮ್ಮ

ಇನ್ನೊಂದು ಮಾತು: ಲಕೋಟೆ ಅಂಟಿಸುತ್ತಿದ್ದೆ, ನಿಮ್ಮಪ್ಪ ಬಂದು ನಿಂತು, “ಅವ್ವ, ಅಪ್ಪಂಗೆ ಎಡೆಗೆ ಏನೇನ್ ಇಕ್ಬೇಕು” ಅಂದ. ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ ಅಂತ ಹೇಳುತ್ತಾ ಹೋದೆ. “ಬೀಡಿ ಇಲ್ಲೆಲ್ಲಿ ಸಿಕ್ತದವ್ವ” ಅಂದವನು ಅಲ್ಲೇ ಕೂತು ಅತ್ತುಬಿಟ್ಟ. ತಾತ ಹೋದ ದಿನವೂ ಅವನು ಅತ್ತಿರಲಿಲ್ಲ. ಅಮಾವಾಸ್ಯೆ ಇಪ್ಪತ್ತೊಂದಕ್ಕೆ, ಭಾನುವಾರ. ಬಂದುಬಿಡು ಮಗ, ಎಡೆ ಇಡುವಾಗ ಅವನ ಪಕ್ಕ ನೀನು ನಿಲ್ಲಬೇಕು.