ಮೂರು ಸಲ ಚಂದಿರ

ರೀ,

ನಾನು, ನಿಮ್ಮ ಹೆಂಡತಿ ಕಾಶೀಬಾಯಿ. ನೀವು ತೀರಿಕೊಂಡ ಮೇಲೂ ಗಂಜ್ ಬಜಾರಿನ ಈ ಮನೆಯಲ್ಲಿ ನನ್ನನ್ನು ಕೇಳದೆ ಒಲೆ ಹೊತ್ತುವುದಿಲ್ಲ.

ನಿನ್ನೆ ಕಮಲಾಪುರಕ್ಕೆ ಹೋಗಿದ್ದೆ. ನಿಮ್ಮ ಸೋದರತ್ತೆಯ ಮಗಳು ಸುನಂದಾ ರೊಟ್ಟಿ ಬಡಿಯುತ್ತ ಹಾಡು ಗುನುಗುತ್ತಿದ್ದಳು. ಮದುವೆಯಾದ ವರ್ಷ ನೀವು ನನಗೆ ಕೊಡಿಸಿದ ಮೊದಲ ಗ್ರಾಮೋಫೋನ್ ಪ್ಲೇಟಿನ ಹಾಡು. 'ಚಂದಿರ' ಎಂಬುದನ್ನು ಮೂರು ಸಲ ಹೇಳಿ ಹಾಡು ಮುಂದುವರಿಸಿದಳು. ಪ್ಲೇಟಿನಲ್ಲಿ ಆ ಪದ ಬರುವಲ್ಲೇ ನನ್ನ ಬಳೆ ತಾಗಿ ಗೀರು ಬಿದ್ದಿತ್ತು. ನನ್ನ ಪ್ಲೇಟು ಮಾತ್ರ ಹಾಗೆ ತೊದಲುತ್ತದೆ.

"ಹಿಂಗ ಹಾಡಾಕ ಯಾರು ಕಲಿಸ್ಯಾರ ನಿನಗ?" ಎಂದೆ.

"ಹಾಡೇ ಹಂಗ ಅದ ಅಲ್ಲೇನ್ರಿ, ವೈನಿ?"

ನೀವು ಆಗಾಗ ರಿಪೇರಿಗೆಂದು ಗ್ರಾಮೋಫೋನನ್ನು ಪ್ಲೇಟಿನ ಸಮೇತ ಎಲ್ಲಿಗೆ ಒಯ್ಯುತ್ತಿದ್ದಿರೆಂದು ಆಗ ತಿಳಿಯಿತು. ನನ್ನ ಜೊತೆ ಒಂದು ಹಾಡು ಮುಗಿಯುವವರೆಗೂ ಕೂರದವರು ನೀವು.

ಇವತ್ತು ಪ್ಲೇಟನ್ನು ಅವಳಿಗೇ ಕಳಿಸಿಬಿಟ್ಟೆ. ಗ್ರಾಮೋಫೋನು ನನ್ನಲ್ಲೇ ಇದೆ.