ಒಣಗಿದ ನರದೊಳಗಿನ ನೀರು

ಚಾಮರಾಜಪೇಟೆ, ಬೆಂಗಳೂರು
೨೨-೪-೧೯೭೯

ಪ್ರೀತಿಯ ಅಪ್ಪನಿಗೆ ಗಂಗರತ್ನ ಮಾಡುವ ನಮಸ್ಕಾರ.

ರಾಯಚೂರಿನ ಬಿಸಿಲಿಗೆ ನಿಮ್ಮ ತಲೆನೋವು ಹೇಗಿದೆ? ಅಮ್ಮನ ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ನೀವೇ ಹಚ್ಚಿ, ಅವಳಾಗಿ ಹಚ್ಚಿಕೊಳ್ಳುವವಳಲ್ಲ. ಇಲ್ಲಿ ಆಂಜಿನಯ್ಯಣ್ಣನೂ ನಾನೂ ಚೆನ್ನಾಗಿದ್ದೇವೆ. ನಿಮ್ಮೆದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ. ನಾಲ್ಕನೇ ಕ್ಲಾಸಿನವರೆಗಾದರೂ ಓದಿಸಿದಿರಲ್ಲ, ಬರೆಯುತ್ತಿದ್ದೇನೆ.

ನಿಮ್ಮ ಕಾರ್ಡು ಬಂತು. ಆ ಕುರಿ ನರಗಳನ್ನು ಮೋರಿಗೆಸೆ, ಆಂಜಿನಯ್ಯ ಬೇರೆ ವಿಷಯ ಓದಲಿ, ಚರ್ಮದ ಕೆಲಸ ಬೇಡವೆಂದೇ ನಾನು ಊರು ಬಿಟ್ಟವನು ಎಂದು ಬರೆದಿದ್ದೀರಿ. ಅಪ್ಪಾ, ನಾನು ಎಸೆಯುವುದಿಲ್ಲ.

ಪಕ್ಕದ ಮನೆ ಗಿರಿಜಾಂಬಾ ನಮ್ಮ ಮಾಲೀಕರಿಂದ ವಿಳಾಸ ಪಡೆದು ನಿಮಗೆ ಏನೇನು ಬರೆದರೋ, ನಡೆದದ್ದು ಇಷ್ಟು. ಅಣ್ಣನ ಸಂಶೋಧನೆಗೆ ಕುರಿಯ ಕಾಲಿನಲ್ಲಿ ಮಾಂಸವನ್ನು ಮೂಳೆಗೆ ಬಿಗಿಯುವ ಬಿಳಿ ನರ ಬೇಕು. ಅದನ್ನು ಎಷ್ಟು ಒಣಗಿಸಿದರೂ ಒಂದಿಷ್ಟು ನೀರು ಬಿಟ್ಟುಹೋಗುವುದಿಲ್ಲವಂತೆ. ಎರಡು ಲೋಹದ ಬಿಲ್ಲೆಗಳ ನಡುವೆ ಇಟ್ಟು ಕರೆಂಟು ಹಾಯಿಸಿ, ಎಷ್ಟು ಹಾಯಿತೆಂದು ಅಳೆದು, ಆ ನೀರು ಒಳಗೆ ಹೇಗೆ ಅಂಟಿಕೊಂಡಿದೆ ಎಂದು ಅವನು ಕಂಡುಹಿಡಿಯಬೇಕು. "ನೋಡೇ ಗಂಗಾ, ಕಡ್ಡಿ ಥರ ಒಣಗಿದ್ರೂ ನೀರು ಒಳಗೆ ಕಳ್ಳನ ಹಾಗೆ ಕೂತಿರುತ್ತೆ. ಕರೆಂಟು ಬಿಟ್ರೆ ಸಿಕ್ಕಿಬೀಳುತ್ತೆ" ಎಂದು ನಗುತ್ತಾನೆ. ನಮ್ಮ ಮೈಯಲ್ಲೂ ಅಂಥದೇ ನೀರಿದೆಯಂತೆ. ಗಿರಿಜಾಂಬಾ ಅವರ ಮೈಯಲ್ಲೂ.

ನರಕ್ಕೆ ಅಂಟಿದ ಮಾಂಸ ಹೆರೆದು ಕೊಡಲು ಕಾಲೇಜಿನಲ್ಲಿ ಯಾರೂ ಮುಂದೆ ಬರಲಿಲ್ಲ. ಜೊತೆಗೆ ಓದುವವನೊಬ್ಬ, "ನಿಂಗೇನು ಗುರು, ನಿಮ್ಮ ಮನೆತನದ ಕೆಲ್ಸ ತಾನೆ" ಎಂದನಂತೆ. ಅವತ್ತು ಅಣ್ಣ ಊಟ ಮಾಡಲಿಲ್ಲ. ಮರುದಿನ ನಾನೇ ಚಾಕು ಹಿಡಿದು ಹಿತ್ತಲಲ್ಲಿ ಕೂತೆ. ಮೊದಲ ಸಲ, ಕೆಡದಿರಲಿ ಎಂದು ಉಪ್ಪುಕಂಡಕ್ಕೆ ಸವರುವಂತೆ ಉಪ್ಪು ಸವರಿಬಿಟ್ಟೆ! ಯಂತ್ರದ ಮುಳ್ಳು ಕೊನೆಗೆ ಹೋಗಿ ಹೊಡೆಯಿತಂತೆ. ಏನೋ ಹೊಸದು ಸಿಕ್ಕಿತೆಂದು ಅಣ್ಣ ಕುಣಿಯುತ್ತಾ ಬಂದ. "ಉಪ್ಪು ಸಾಕಾಯ್ತಾ?" ಎಂದು ಕೇಳಿದೆ. ತಲೆ ಚಚ್ಚಿಕೊಂಡ. ಉಪ್ಪಿನಿಂದಲೇ ಕರೆಂಟು ಅಷ್ಟು ಹಾಯ್ದದ್ದಂತೆ. ಈಗ ಅವನು ತರುವ ಬಟ್ಟಿ ಇಳಿಸಿದ ನೀರಿನಲ್ಲೇ ತೊಳೆಯುತ್ತೇನೆ, ಮುಳ್ಳು ಸರಿಯಾಗಿ ನಿಲ್ಲುತ್ತಿದೆ.

ಹಾಗೆ ತೊಳೆಯುವಾಗಲೇ ಗಿರಿಜಾಂಬಾ ಗೋಡೆಯಾಚೆಯಿಂದ ಇಣುಕಿ, "ಏನೇ ಹುಡ್ಗಿ, ನೀವು ಯಾವ ಜನ? ನಿಜ ಹೇಳು" ಎಂದರು. ಜಾತಿ ಮರೆಸಲು ನೀವು ಕಲಿಸಿಟ್ಟ ಉತ್ತರ ಬಾಯಿತುದಿಗೆ ಬಂದಿತ್ತು. ನುಂಗಿಕೊಂಡೆ. ನಮ್ಮ ತಾತ ಚರ್ಮ ಹದ ಮಾಡುತ್ತಿದ್ದರು, ನಮ್ಮಪ್ಪನೂ ಮಾಡಿದ್ದಾರೆ ಎಂದೆ. ಚಾಕು ಮಾತ್ರ ಕೆಳಗಿಡಲಿಲ್ಲ. ನೀವು ಆ ಕೆಲಸ ಬಿಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ ಅಪ್ಪಾ. ನಿಮಗೆ ಅದನ್ನು ಬೇರೆಯವರು ಮಾಡು ಎಂದಿದ್ದರು. ನನಗೆ ಯಾರೂ ಹೇಳಿಲ್ಲ, ನಾನೇ ಮಾಡುತ್ತಿದ್ದೇನೆ. ಅಣ್ಣ ವಿಷಯ ಬದಲಾಯಿಸುವುದಿಲ್ಲ. ಬದಲಾಯಿಸುತ್ತೇನೆಂದರೂ ನಾನು ಬಿಡುವುದಿಲ್ಲ.

ಅಮ್ಮನಿಗೆ ನಮಸ್ಕಾರ ಹೇಳಿ. ಕೋಪದಲ್ಲಿ ಊಟ ಬಿಡಬೇಡಿ.

ನಿಮ್ಮ ಮಗಳು,
ಗಂಗರತ್ನ

ಮರೆತೆ: ಮನೆ ಮಾಲೀಕರು ಶಿವಲಿಂಗಯ್ಯನವರು ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದಿದ್ದಾರೆ. ಗವಿಪುರದಲ್ಲಿ ತುಳಸಮ್ಮ ಎಂಬವರ ಮನೆಯ ಹಿಂಬದಿಯ ಕೋಣೆ ಹಿಡಿದಿದ್ದೇವೆ. ಬಾಡಿಗೆ ಕೇಳುವ ಮೊದಲೇ ಎಲ್ಲ ಹೇಳಿದೆ. ಅವರು, "ವಾಸ್ನೆ ಬರುತ್ತೇನಮ್ಮಾ?" ಎಂದರು. ಬರುತ್ತೆ ಎಂದೆ. "ಹಂಗಾದ್ರೆ ಕಿಟಕಿ ತೆಗೆದಿಟ್ಕೊಳ್ಳಿ" ಎಂದರು. ಬೈಯುವುದಿದ್ದರೆ ಅಲ್ಲಿಗೇ ಬಂದು ಬೈಯಿರಿ.